ಮರಳಿ ಹೋದ ಮಿಶನರಿಗಳು

ಬಂದವರ ಚರಿತ್ರೆಯನ್ನು ಬರೆಯುವವರು ಅನೇಕರು. ಹೋದವರ ಚರಿತ್ರೆಯನ್ನು ಬರೆಯುವವರು ವಿರಳ. ಕನ್ನಡ ನಾಡಿಗೆ ಪರದೇಶದಿಂದ ಬಂದ ಕ್ರಿಸ್ತ ಮಿಶನರಿಗಳ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುವದು. ಅವರು ಯಾವ ಇಸವಿಯಲ್ಲಿ ಯಾವ ಬಂದರದಲ್ಲಿ ಬಂದಿಳಿದರು, ಯಾವ ಊರಲ್ಲಿ ಶಾಲೆ ತೆಗೆದರು, ಯಾವ ಗ್ರಂಥವನ್ನು ಅಚ್ಚು ಹಾಕಿಸಿದರು ಎಂಬದೆಲ್ಲ ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಸವಿಸ್ತರವಾಗಿ ದೊರೆಯುವದು. ಆದರೆ ಆಯುಷ್ಯವನ್ನು ಇಲ್ಲಿಯೇ ಸವೆಸಬೇಕೆಂದು ಬಂದವರಲ್ಲಿ ಬಹುಜನರು ಏಕೆ ಮರಳಿ ಹೋದರು, ಅವರನ್ನು ನಿಲ್ಲಿಸಬಹುದಾಗಿದ್ದ ಆಧಾರವಾವದು, ಅದನ್ನು ಕೊಡತಕ್ಕವರು ಯಾರು ಎಂಬ ವಿಚಾರವು ನಮ್ಮಲ್ಲಿ ನಡೆದದ್ದು ಕಡಿಮೆ. ಅದನ್ನು ಸ್ವಲ್ಪದರಲ್ಲಿ ಇಲ್ಲಿ ಮಾಡಬೇಕೆಂದಿರುವೆನು.

ಮೊದಲಿಗೇ ನನ್ನ ನಿಲುವನ್ನು ಹೇಳಿಬಿಡುವದು ಒಳಿತು. ನಾನು ಸಂಸ್ಕೃತ ಪಾಠಶಾಲೆಯಲ್ಲಿ ಅಮರ, ಕೌಮುದಿ, ರಘುವಂಶಗಳನ್ನೋದಿ ಬೆಳೆದವನು. ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಮಾಸ್ತರಿಕೆ ಮಾಡಿ ವಿಶ್ರಾಂತಿ ಪಡೆದವನು. ಮನುಷ್ಯನಿಗೆ ತಾನು ಹುಟ್ಟಿದ ಧರ್ಮದಲ್ಲಿಯೇ ಸದ್ಗತಿಯುಂಟೆಂಬದು ನನ್ನ ನಂಬಿಗೆ. ಆದುದರಿಂದ ಮತಾಂತರದ ವಿಷಯದಲ್ಲಿ ನನಗೂ ಮಿಶನರಿಗಳಿಗೂ ಅಭಿಪ್ರಾಯ ಕೂಡುವಂತಿಲ್ಲ. ಈ ವಯಸ್ಸಿನಲ್ಲಿ ಕೂಡಿಸಿಕೊಳ್ಳುವ ಇಚ್ಛೆಯೂ ಇಲ್ಲ. ಹೀಗಿದ್ದೂ ಅವರ ಯೋಗಕ್ಷೇಮದ ಮಾತನ್ನೆತ್ತಲು ಕಾರಣವುಂಟು. ನಮ್ಮ ಗುರುಗಳ ವ್ಯಾಸಪೀಠದ ಒಂದು ಮಗ್ಗುಲಿಗೆ ಅಮರಕೋಶವೂ ಇನ್ನೊಂದು ಮಗ್ಗುಲಿಗೆ ಕಿಟ್ಟೆಲ್ಲರ ಶಬ್ದಕೋಶವೂ ಇರುತ್ತಿದ್ದವು. ಮಡಿಯಲ್ಲಿರುವಾಗ ಗುರುಗಳು ಈ ಎರಡನೆಯದನ್ನು ತಾವು ಮುಟ್ಟುತ್ತಿರಲಿಲ್ಲ. ನಮ್ಮಿಂದ ಹಾಳೆ ತಿರುವಿಸಿ, ಶಬ್ದ ಹುಡುಕಿಸಿ, ಅರ್ಥವನ್ನು ಓದಿಸಿ ಕೇಳಿ, “ಪುಣ್ಯಾತ್ಮ ಒಂದನ್ನೂ ಬಿಟ್ಟಿಲ್ಲ ನೋಡು” ಎನ್ನುವರು. ಆದರೆ ಆ ಪುಣ್ಯಾತ್ಮನು ಯಾರೊಡನೆ ಕುಳಿತು ಉಂಡನು, ಜಡ್ಡಿಗೆ ಬಿದ್ದಾಗ ಅವನನ್ನು ಯಾರು ಉಪಚರಿಸಿದರು, ಕಡೆಗೆ ಎಲ್ಲಿ ದೇಹವಿಟ್ಟನು ಎಂಬ ಪ್ರಶ್ನೆಯು ನಮ್ಮ ಪಾಠಶಾಲೆಯಲ್ಲಿ ಒಮ್ಮೆಯೂ ಏಳಲಿಲ್ಲ. ಉಪಕಾರವನ್ನು ತೆಗೆದುಕೊಂಡು ಉಪಕಾರಿಯನ್ನು ವಿಚಾರಿಸದಿರುವದು ವಿದ್ಯಾವಂತರ ಮನೆತನಕ್ಕೆ ಒಪ್ಪುವದಲ್ಲವೆಂದು ನನಗೆ ತೋರುತ್ತದೆ.

ಧರ್ಮಕ್ಕಾಗಿ ಊರೂರು ತಿರುಗುವವರು ನಮ್ಮ ಸೀಮೆಗೆ ಹೊಸಬರಲ್ಲ. ಹಿರೇಕೆರೂರ ತಾಲೂಕಿನ ಅಬಲೂರಿನಲ್ಲಿ ಏಕಾಂತದ ರಾಮಯ್ಯನಿಗೂ ಜೈನರಿಗೂ ನಡೆದ ವಾದವನ್ನು ಅಲ್ಲಿಯ ಗುಡಿಯ ಶಾಸನವು ಇಂದಿಗೂ ಸಾರುತ್ತಿದೆ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಹಾಡುತ್ತ ನಾಡನ್ನು ಸಂಚರಿಸಿದರು. ಅದೇ ತಾಲೂಕಿನ ಶಿಶುನಾಳದ ಶರೀಫರು (೧೮೧೯–೧೮೮೯) ಮುಸಲ್ಮಾನರಾಗಿ ಹುಟ್ಟಿ, ಕೆಲಕಾಲ ಮಾಸ್ತರಿಕೆ ಮಾಡಿ, ಕಳಸದ ಗೋವಿಂದಭಟ್ಟರ ಶಿಷ್ಯರಾದರು. ಎರಡೂ ಕಡೆಯವರ ಆಕ್ಷೇಪಣೆಗಳ ನಡುವೆ ಅವರು ಎದೆಗುಂದದೆ ಉಳಿದದ್ದು ಆ ಗುರುವಿನ ಆಸರೆಯಿಂದಲೇ ಎಂದು ನಾನು ತಿಳಿದಿರುವೆನು. ನವಾಬರ ಸವಣೂರಿನಲ್ಲಿಯೇ ಸತ್ಯಬೋಧತೀರ್ಥರ ಬೃಂದಾವನವಿರುವದು. ಆಫ್ರಿಕ ಮೂಲದ ದೊಡ್ಡಹುಣಸೆಯ ಮರಗಳು ಬೇರೂರಿದ್ದೂ ಅದೇ ಊರಲ್ಲಿ, ಒಂದು ಮಠದ ಆವರಣದಲ್ಲಿ. ಬಂದವರನ್ನು ಬರಮಾಡಿಕೊಳ್ಳುವದು, ಅವರೊಡನೆ ವಾದಿಸುವದು, ಭಿನ್ನಮತದವರ ಮಗ್ಗುಲಲ್ಲಿಯೇ ಬಾಳುವದು, ಈ ಮೂರೂ ನಮಗೆ ರೂಢಿಯಾದವುಗಳು. ಅಂದಮೇಲೆ ಮಿಶನರಿಯ ವಿಷಯದಲ್ಲಿ ಕೊರತೆಯಾದದ್ದು ಯಾವದು?

ಅವರ ಚರಿತ್ರೆಯ ಎಳೆಯನ್ನು ಸ್ವಲ್ಪದರಲ್ಲಿ ಹೇಳುವೆನು. ಸ್ವಿತ್ಸರ್ಲಂಡದ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪಿತವಾದ ಮಿಶನ್ನಿನ ಮೂವರು, ಹೇಬಿಕ್, ಲೇನರ್, ಗ್ರೈನರ್ ಎಂಬವರು, ೧೮೩೪ರಲ್ಲಿ ಮಂಗಳೂರಿಗೆ ಬಂದರು. ಅಲ್ಲಿಂದ ಘಟ್ಟವನ್ನೇರಿ ೧೮೩೭ರಲ್ಲಿ ಧಾರವಾಡದಲ್ಲಿಯೂ ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ ೧೮೪೧ರಲ್ಲಿ ಬೆಟಗೇರಿಯಲ್ಲಿಯೂ ಅವರ ಠಾಣ್ಯಗಳಾದವು. ೧೮೩೬ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗರು ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ವೃತ್ತಪತ್ರಿಕೆಗೆ ಮೊದಲಿಗರಾದರು, ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ೧೮೫೩ರಲ್ಲಿ ಬಂದ ಕಿಟ್ಟೆಲ್ಲರ ಕೆಲಸವನ್ನು ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಇಂಥವರೂ ಹೋದರು. ಮೋಗ್ಲಿಂಗರು ೧೮೬೦ರಲ್ಲಿ ಹೋಗಿ, ಮತ್ತೆ ಈ ನಾಡನ್ನು ಕಾಣದೆ, ೧೮೮೧ರಲ್ಲಿ ಎಸ್ಲಿಂಗನ್ನಿನಲ್ಲಿ ತೀರಿಕೊಂಡರು. ಕಿಟ್ಟೆಲ್ಲರು ೧೮೯೨ರಲ್ಲಿ ಹೋದರು. ಸುಮಾರು ೭೦,೦೦೦ ಶಬ್ದಗಳ ಅವರ ಕೋಶವು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಿದ್ದಾಗ ಕರ್ತೃವು ಸಮುದ್ರದಾಚೆ ಇದ್ದರು.

ಏಕೆ ಹೋದರು ಎಂದರೆ ಎಲ್ಲರೂ ಹೇಳುವ ಮೊದಲನೆಯ ಕಾರಣವು ದೇಹಸ್ಥಿತಿ. ಇದು ಸುಳ್ಳಲ್ಲ. ಶೀತದೇಶದವರಿಗೆ ನಮ್ಮ ಚೈತ್ರ ವೈಶಾಖಗಳ ಬಿಸಿಲು, ಮಳೆಗಾಲದ ಚಳಿಜ್ವರ, ಆಗಾಗ ಬರುವ ವಾಂತಿಭೇದಿ ಇವು ಕಾಲಸ್ವರೂಪವಾಗಿದ್ದವು. ಹೇಬಿಕ್ಕರೂ ಮಲಯಾಳ ಸೀಮೆಯ ಗುಂಡರ್ಟರೂ ೧೮೫೯ರಲ್ಲಿ ಜೀರ್ಣದೇಹರಾಗಿ ತೆರಳಿದರು. ೧೮೬೯ರಲ್ಲಿ ಬಂದ ಯೋಹಾನೆಸ್ ಹೆಸ್ಸೆ ಎಂಬ ತರುಣನು ನಾಲ್ಕೇ ವರ್ಷಗಳಲ್ಲಿ ಆರೋಗ್ಯವನ್ನು ಕಳೆದುಕೊಂಡು ಮರಳಿದನು; ಇವನ ಮಗನೇ ೧೯೪೬ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಹೆರ್ಮನ್ ಹೆಸ್ಸೆ. ಆದರೆ ವಾಚಕರೇ, ಮಾಸ್ತರರ ವರ್ಗಾವಣೆಯ ಅರ್ಜಿಗಳನ್ನು ಓದಿ ಬಲ್ಲವರಿಗೆ ಒಂದು ಸಂಗತಿ ತಿಳಿದಿರುವದು: ಅರ್ಜಿಯಲ್ಲಿ ಬರೆಯುವ ಕಾರಣ ಬೇರೆ, ಅರ್ಜಿಯನ್ನು ಬರೆಯಿಸುವ ಕಾರಣ ಬೇರೆ. “ಇಲ್ಲಿಯ ನೀರು ಒಗ್ಗುವದಿಲ್ಲ” ಎಂದು ಬರೆದವನ ಮನೆಗೆ ಹೋಗಿ ಕುಳಿತರೆ, ಒಗ್ಗದಿರುವದು ನೀರೋ ನೆರೆಹೊರೆಯೋ ಎಂಬದು ಅರ್ಧ ತಾಸಿನಲ್ಲಿ ತಿಳಿಯುವದು. ಅದೇ ನೀರನ್ನು ಕುಡಿದು ಇಪ್ಪತ್ತು ವರ್ಷ ನಿಂತ ಮಾಸ್ತರರನ್ನೂ ನಾನು ಕಂಡಿರುವೆನು.

ನನ್ನ ಅಲ್ಪಮತಿಗೆ ತೋರುವ ಮುಖ್ಯ ಕಾರಣವಿದು. ನಮ್ಮ ಶಾಸ್ತ್ರಕಾರರು ಗೃಹಸ್ಥನ ಧರ್ಮವನ್ನು ಬೇರೆಯಾಗಿಯೂ ಪರಿವ್ರಾಜಕನ ಧರ್ಮವನ್ನು ಬೇರೆಯಾಗಿಯೂ ಇಟ್ಟಿರುವರು. ತಿರುಗುವವನಿಗೆ ಹೆಂಡತಿ ಮಕ್ಕಳ ಬಂಧವಿಲ್ಲ. ಮನೆಯುಳ್ಳವನಿಗೆ ತಿರುಗುವ ವ್ರತವಿಲ್ಲ. ಬಾಸೆಲ್ಲಿನ ಮಿಶನರಿಯ ತಲೆಯ ಮೇಲೆ ಈ ಎರಡೂ ಆಶ್ರಮಗಳ ಭಾರವನ್ನು ಒಟ್ಟಿಗೆ ಹೊರಿಸಲಾಗಿದ್ದಿತು. ಬಂದ ಮೊದಲ ಕೆಲವು ವರ್ಷ ಅವನು ಮದುವೆಯಾಗುವಂತಿರಲಿಲ್ಲ. ಮುಂದೆಯೂ ಬಾಸೆಲ್ಲಿನ ಮಂಡಳಿಯ ಒಪ್ಪಿಗೆಯಿಂದಲೇ ವಧುವಿನ ನಿಶ್ಚಯವಾಗಬೇಕು. ವರನ ಗುರುತು ಪರಿಚಯವಿಲ್ಲದೆ ಹಡಗನ್ನೇರಿ ಬಂದ ಕನ್ಯೆಯರೆಷ್ಟೋ! ಮಕ್ಕಳಾದರೆ ಅವರನ್ನು ಚಿಕ್ಕಂದಿನಲ್ಲಿಯೇ ಯುರೋಪಕ್ಕೆ ಕಳಿಸಿಬಿಡಬೇಕು. ಅದಕ್ಕಾಗಿ ೧೮೫೩ರಲ್ಲಿ ಬಾಸೆಲ್ಲಿನಲ್ಲಿ ಮಕ್ಕಳ ಮನೆಯನ್ನೇ ತೆರೆದರು. ಗುಂಡರ್ಟರ ಮಗಳಾದ ಮರೀ, ಈಕೆಯೇ ಮುಂದೆ ಆ ಕವಿ ಹೆಸ್ಸೆಯ ತಾಯಿ, ೧೮೪೨ರಲ್ಲಿ ತಲಶೇರಿಯಲ್ಲಿ ಹುಟ್ಟಿ, ಅರಿಯದ ವಯಸ್ಸಿನಲ್ಲಿ ಯುರೋಪದಲ್ಲಿ ಬಿಡಲ್ಪಟ್ಟು, ಹದಿಹರೆಯದಲ್ಲಿ ಮರಳಿ ಬಂದಾಗ ತಂದೆತಾಯಿಗಳ ಪರಿಚಯವನ್ನು ಹೊಸದಾಗಿ ಮಾಡಿಕೊಳ್ಳಬೇಕಾಯಿತು. ಕಿಟ್ಟೆಲ್ಲರ ಮೊದಲನೆಯ ಪತ್ನಿ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಮೋಗ್ಲಿಂಗರನ್ನು ಈ ನಾಡು ಬಿಡಿಸಿದ್ದು ಅವರ ಸ್ವಂತ ಜಡ್ಡಲ್ಲ, ಪತ್ನಿಯ ಅಸ್ವಾಸ್ಥ್ಯ. ಇಂಥ ಸ್ಥಿತಿಯಲ್ಲಿ ಮನುಷ್ಯನು ಹೋದನೆಂದು ಆಶ್ಚರ್ಯಪಡಬಾರದು, ನಿಂತನೆಂದು ಆಶ್ಚರ್ಯಪಡಬೇಕು.

ಇನ್ನೊಂದು ಕಾರಣವು ಆಶಾಭಂಗ. ೧೮೩೯–೪೦ರ ಸುಮಾರಿಗೆ ಹುಬ್ಬಳ್ಳಿ ಬೆಟಗೇರಿಗಳ ಕಡೆಯ ಕಾಲಜ್ಞಾನದವರೆಂಬ ಜನರು, ತಮ್ಮ ಓಲೆಗಳಲ್ಲಿ ಹೇಳಿದ ಗುರುಗಳು ಇವರೇ ಇರಬಹುದೆಂದು ಮಿಶನರಿಗಳ ಬಳಿಗೆ ಬಂದರು. ಸಾವಿರಾರು ಜನ ತಮ್ಮನ್ನು ಕೂಡುವರೆಂದು ಮಿಶನರಿಗಳು ನಂಬಿದರು. ಗದಗಿನ ಹತ್ತಿರದ ಮಲಸಮುದ್ರದಲ್ಲಿ ಒಕ್ಕಲುತನದ ವಸಾಹತನ್ನೂ ಹೂಡಿದರು. ಬಂದವರು ಬಂದಂತೆಯೇ ಚದರಿದರು, ವಸಾಹತು ಬಾಳಲಿಲ್ಲ. ಇದಕ್ಕಿಂತಲೂ ಮನಸ್ಸಿಗೆ ನಾಟುವ ಉದಾಹರಣೆಯು ಮೈಸೂರ ಸೀಮೆಯ ಫ್ರೆಂಚ ಪಾದ್ರಿ ಅಬೆ ದ್ಯುಬುವಾ ಅವರದು. ೧೭೯೨ರಲ್ಲಿ ಹಿಂದುಸ್ತಾನಕ್ಕೆ ಬಂದ ಇವರು ಕಾವಿಯುಟ್ಟು, ನಮ್ಮವರಂತೆ ಉಂಡು, ಜನರಿಂದ ದೊಡ್ಡಸ್ವಾಮಿಗಳೆನಿಸಿಕೊಂಡರು. ಮೈಲಿ ಬೇನೆಗೆ ದೇವಿ ಹಾಕಿಸುವ ಪದ್ಧತಿಯನ್ನು ಜನರಲ್ಲಿ ಹಬ್ಬಿಸಿದರು. ಮೂವತ್ತೊಂದು ವರ್ಷಗಳ ತರುವಾಯ, ೧೮೨೩ರಲ್ಲಿ, ಇಲ್ಲಿಯವರನ್ನು ಕ್ರಿಸ್ತಮತಕ್ಕೆ ತರುವದು ಅಸಾಧ್ಯವೆಂದು ಬಹಿರಂಗವಾಗಿ ಬರೆದು ಸ್ವದೇಶಕ್ಕೆ ಹೋದರು. ಅವರ ನಿರ್ಣಯವು ನನ್ನಂಥವನಿಗೆ ಹಿತವೆನಿಸಬಹುದು. ಆದರೆ ಮೂವತ್ತೊಂದು ವರ್ಷದ ಆಯುಷ್ಯವನ್ನು ತಕ್ಕಡಿಯಲ್ಲಿಟ್ಟು ಫಲ ಸೊನ್ನೆಯೆಂದು ತೂಗಿದವನ ವೇದನೆಯನ್ನು ನೆನೆದರೆ ಹಿಗ್ಗಲು ಮನಸ್ಸು ಬಾರದು. ದೇವಿ ಹಾಕಿಸಿಕೊಂಡು ಬದುಕಿದ ಮಕ್ಕಳು ಆ ತಕ್ಕಡಿಯಲ್ಲಿ ಬೀಳಲೇ ಇಲ್ಲವೆಂಬದೇ ನನಗೆ ಹೆಚ್ಚು ವ್ಯಸನದ ಸಂಗತಿ.

ಈ ತಕ್ಕಡಿಯನ್ನು ಹಿಡಿದವರು ಪರಸ್ಥಳದ ಮಂಡಳಿಯವರು. ಕ್ಷೇತ್ರ ಎಂಬ ಶಬ್ದಕ್ಕೆ ನಮ್ಮಲ್ಲಿ ಹೊಲವೆಂದೂ ಪುಣ್ಯಸ್ಥಳವೆಂದೂ ಎರಡರ್ಥ. ಮಂಡಳಿಗೆ ಇದು ಹೊಲ: ಇಷ್ಟು ಬಿತ್ತಿದ್ದಕ್ಕೆ ಎಷ್ಟು ಬೆಳೆಯಿತು ಎಂಬ ಲೆಕ್ಕ ಬೇಕು. ಅಲ್ಲಿ ಇದ್ದು ಭಾಷೆಯನ್ನು ಕಲಿತವನಿಗೆ ಅದು ಮೆಲ್ಲಮೆಲ್ಲನೆ ಎರಡನೆಯ ಅರ್ಥದ ಕ್ಷೇತ್ರವಾಗುವದು. ಕಿಟ್ಟೆಲ್ಲರು ನಾಗವರ್ಮನ ಛಂದಸ್ಸನ್ನೂ ಕೇಶಿರಾಜನ ವ್ಯಾಕರಣವನ್ನೂ ಶೋಧಿಸುತ್ತ ಕುಳಿತಾಗ, ಧರ್ಮೋಪದೇಶಕನಿಗೆ ಇದೇಕೆಂದು ಹುಬ್ಬು ಗಂಟಿಕ್ಕಿದವರು ಅವರ ಸ್ವಂತ ಬಳಗದಲ್ಲಿಯೇ ಇದ್ದರು. ಇತ್ತ ನಮ್ಮವರಿಗೆ ಅವರು ಹೊರಗಿನವರು, ಅತ್ತ ಅವರವರಿಗೆ ದಾರಿ ಬಿಟ್ಟವರು. ಎರಡು ಮನೆಗಳ ನಡುವಿನ ಓಣಿಯಲ್ಲಿ ಮನುಷ್ಯನು ಎಷ್ಟು ವರ್ಷ ನಿಂತಾನು?

ನಾಲ್ಕನೆಯ ಕಾರಣವು ರಾಜಕೀಯ. ಇದನ್ನು ಹೆಚ್ಚು ಬೆಳೆಸುವದಿಲ್ಲ. ೧೯೧೪ರ ಮಹಾಯುದ್ಧವು ಹೊತ್ತಲು ಜರ್ಮನ ಮಿಶನರಿಗಳು ಶತ್ರುಪ್ರಜೆಗಳಾದರು. ಅನೇಕರನ್ನು ಅಹಮದನಗರದ ಶಿಬಿರದಲ್ಲಿಟ್ಟು, ೧೯೧೫–೧೬ರಲ್ಲಿ ಗೋಲ್ಕೊಂಡ ಎಂಬ ಹಡಗಿನಲ್ಲಿ ಸ್ವದೇಶಕ್ಕೆ ಸಾಗಿಸಲಾಯಿತು. ಹೆಂಚಿನ ಹಾಗೂ ನೇಯ್ಗೆಯ ಕಾರಖಾನೆಗಳು ಬೇರೆಯವರ ವಶವಾದವು. ಸ್ವಾತಂತ್ರ್ಯಾನಂತರ ಪರದೇಶದ ಮಿಶನರಿಗಳಿಗೆ ಬರುವ ಅನುಮತಿಯೇ ಕ್ರಮಕ್ರಮವಾಗಿ ವಿರಳವಾಯಿತು. ಇದರ ಫಲವಾಗಿ ಈಗ ನಮ್ಮ ಭಾಗದಲ್ಲಿ ಕಾಣುವವರು ಬಹುತರವಾಗಿ ನಮ್ಮ ದೇಶದವರೇ: ಕೇರಳದ ಕಡೆಯ, ಮಂಗಳೂರ ಕಡೆಯ ಸಿಸ್ಟರುಗಳು, ನೆರೆಪ್ರಾಂತದ ಪಾಸ್ಟರರು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಮಿಶನರಿಗೆ ಮರಳಿ ಹೋಗಲು ಒಂದು ಊರಾದರೂ ಇದ್ದಿತು; ಅವನನ್ನು ನಂಬಿ ಬಂದವನಿಗೆ ಅದೂ ಇಲ್ಲ. ಕೊಡಗಿನ ಅಳಮಂಡ ಸೋಮಯ್ಯನೆಂಬವನು ೧೮೫೩ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದಾಗ ಅವನ ಬೆನ್ನಿಗಿರಬೇಕೆಂದೇ ಮೋಗ್ಲಿಂಗರು ಕೊಡಗಿಗೆ ಹೋದರು. ಏಳು ವರ್ಷಗಳ ಮೇಲೆ ಮೋಗ್ಲಿಂಗರು ಹೋದರು, ಸೋಮಯ್ಯನು ಉಳಿದನು. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ ಕೌಂಡಿನ್ಯರು ೧೮೪೪ರಲ್ಲಿ ಮತವನ್ನು ಬಿಟ್ಟು, ಬಾಸೆಲ್ಲಿಗೆ ಹೋಗಿ ಕಲಿತು, ೧೮೫೧ರಲ್ಲಿ ದೀಕ್ಷೆ ಪಡೆದು ಬಂದು, ೧೮೯೩ರಲ್ಲಿ ಸಾಯುವವರೆಗೂ ಈ ನಾಡಿನಲ್ಲಿಯೇ ದುಡಿದರು. ಅವರ ಆಯ್ಕೆಯನ್ನು ನಾನು ಮಾಡುತ್ತಿರಲಿಲ್ಲ. ಆದರೂ ಜರ್ಮನರ ಹೆಸರು ಬಲ್ಲ ನಾವು ಕೌಂಡಿನ್ಯರ ಹೆಸರನ್ನರಿಯದೆ ಇರುವದು ಸರಿಯಲ್ಲ; ಹೋಗದೆ ಉಳಿದವರು ಇವರೇ.

ಈಗ ನಾನು ಕಣ್ಣಾರೆ ಕಂಡದ್ದನ್ನು ಹೇಳುವೆನು. ಹಾನಗಲ್ಲ ತಾಲೂಕಿನಲ್ಲಿ ಅಡವಿಯ ಸೆರಗಿನ ಒಂದು ಹಳ್ಳಿಯಲ್ಲಿ ನಾನು ಮಾಸ್ತರನಾಗಿದ್ದಾಗ ಅಲ್ಲಿಗೆ ಕೇರಳದ ಕಡೆಯ ಒಬ್ಬ ಸಿಸ್ಟರರು ಔಷಧೋಪಚಾರದ ಕೆಲಸಕ್ಕೆ ಬಂದರು. ನಮ್ಮ ಹೆಣ್ಣುಮಕ್ಕಳ ಬಾಯಿಂದ ಕಲಿತ ಅವರ ಕನ್ನಡವು ಅಚ್ಚ ನಮ್ಮ ಕಡೆಯದು. ಓದು ಬರಹವನ್ನು ಕಲಿಯಲು ಸಂಜೆಯ ಹೊತ್ತು ನಮ್ಮ ಮನೆಗೆ ಬರುತ್ತಿದ್ದರು. ಒತ್ತಕ್ಷರದಲ್ಲಿ ಎಡವಿದಾಗಲೆಲ್ಲ ತಾವೇ ನಕ್ಕು ತಿದ್ದಿಕೊಳ್ಳುವರು. ಇದಕ್ಕೂ ಮೊದಲು ಆರು ವರ್ಷ ಬೇರೊಂದು ಊರಲ್ಲಿದ್ದು, ಜೊತೆಗಿದ್ದ ಸಿಸ್ಟರರು ಮನಸೋತು ತಮ್ಮ ಸೀಮೆಗೆ ಮರಳಲು, ಒಬ್ಬರೇ ಆಗಿ ಇಲ್ಲಿಗೆ ಬಂದವರು. ಅವರು ಏಕೆ ಮರಳಿದರೆಂದು ನನ್ನ ಮನೆಯವಳು ಕೇಳಲು ಈಕೆ ಹೇಳಿದ್ದಿಷ್ಟು: “ಆರು ವರ್ಷದಾಗ ಜನ ನಮ್ಮನ್ನ ಬ್ಯಾನಿಗೆ ಕರದ್ರು, ಬಾಣಂತನಕ್ಕ ಕರದ್ರು. ಹೋಳಿಗಿ ಊಟಕ್ಕ ಒಬ್ರೂ ಕರೀಲಿಲ್ರೀ.” ಈ ಮಾತಿನಲ್ಲಿ ದೂರಿರಲಿಲ್ಲ, ಅಳುವೂ ಇರಲಿಲ್ಲ. ಮಿಶನರಿಗಳ ವಿಷಯವಾಗಿ ನಾನೋದಿದ ಗ್ರಂಥಗಳ ಸಾರವೆಲ್ಲ ಆ ಎರಡು ವಾಕ್ಯಗಳಲ್ಲಿರುವದೆಂದು ನನಗೆ ಆ ಸಂಜೆ ಅನಿಸಿತು. ಇಂದಿಗೂ ಹಾಗೆಯೇ ಅನಿಸುವದು.

ಹಾಗಾದರೆ ಇಂಥವರಿಗೆ ಆಧಾರವನ್ನು ಕೊಡುವ ಬಗೆ ಯಾವದು? ಯೋಗಕ್ಷೇಮ ಎಂಬ ಶಬ್ದವನ್ನು ನಾವು ಕಾಗದದ ಮೊದಲಿಗೆ ಬರೆದು ಮರೆಯುವೆವು. ಇಲ್ಲದ್ದನ್ನು ದೊರಕಿಸುವದು ಯೋಗ, ಇದ್ದದ್ದನ್ನು ಕಾಯುವದು ಕ್ಷೇಮ. ಕಳಿಸಿದ ಮಂಡಳಿಗಳು ಯೋಗವನ್ನೇನೋ ನೋಡುವವು: ಸಂಬಳ, ಮನೆ, ಪುಸ್ತಕ, ಔಷಧ. ಕ್ಷೇಮವನ್ನು ನೋಡುವವರು ಕಡಿಮೆ. ಮೊದಲನೆಯದಾಗಿ, ಯಾರನ್ನೂ ಒಬ್ಬರನ್ನಾಗಿ ಕಳಿಸಬಾರದು. ಎರಡನೆಯದಾಗಿ, ವಿಶ್ರಾಂತಿಯ ಕಾಲವು ನಿಯತವಾಗಿರಬೇಕು. ನಮ್ಮ ಯತಿಗಳಿಗೆ ಚಾತುರ್ಮಾಸ್ಯವುಂಟು. ಮಳೆಗಾಲದಲ್ಲಿ ಅವರು ಒಂದೆಡೆ ನಿಲ್ಲುವರು, ಓದುವರು, ಶಿಷ್ಯರು ಪೋಷಿಸುವರು. ಜಡ್ಡು ಬಿದ್ದ ಮೇಲೆ ರಜೆ ಕೊಡುವದಕ್ಕಿಂತ ಜಡ್ಡು ಬೀಳದಂತೆ ರಜೆ ಕೊಡುವದು ಜಾಣತನವೆಂಬದನ್ನು ನಮ್ಮ ಹಿರಿಯರು ಅರಿತಿದ್ದರು. ಮೂರನೆಯದಾಗಿ, ಅವರವರಿಗೆ ಒಪ್ಪುವ ಕೆಲಸವನ್ನು ಮಾಡಗೊಡಬೇಕು. ಮದ್ರಾಸ ಸರಕಾರದ ಸೇವೆಯಿಂದ ನಿವೃತ್ತರಾಗಿದ್ದ ಕ್ಯಾಸಮೇಜರ್ ಎಂಬ ದೊರೆಯು ಹಣವನ್ನು ಒದಗಿಸಿದ್ದರಿಂದಲೇ ಮೋಗ್ಲಿಂಗರ ಕಲ್ಲಚ್ಚಿನ ಗ್ರಂಥಮಾಲೆಯು ಹೊರಬಂದಿತು. ಇಂಥ ಒಬ್ಬ ಮಿತ್ರನು ನೂರು ಮಂದಿ ಲೆಕ್ಕ ಕೇಳುವವರಿಗಿಂತ ಮೇಲು. ನಾಲ್ಕನೆಯದಾಗಿ, ಹೋಗುವ ದಿನವನ್ನು ಬಂದ ದಿನದಿಂದಲೇ ನೆನೆದು, ಕೆಲಸವನ್ನು ಊರವರಿಗೆ ಕಲಿಸಬೇಕು. ನಮ್ಮ ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು ಈ ರಹಸ್ಯವನ್ನು ಬಲ್ಲವರಾಗಿದ್ದರು. ಒಬ್ಬರು ಎಷ್ಟು ತಿರುಗಿದರೂ ತೀರದೆಂದು ಕಂಡು ೧೯೦೯ರಲ್ಲಿ ಬಾದಾಮಿಯ ಹತ್ತಿರ ಶಿವಯೋಗಮಂದಿರವನ್ನು ಸ್ಥಾಪಿಸಿ, ಮಠಗಳಿಗೆ ಬೇಕಾಗುವ ಸ್ವಾಮಿಗಳನ್ನು ಅಲ್ಲಿ ತಿದ್ದಿ ತೀಡಿ ಕಳಿಸುವ ಏರ್ಪಾಡು ಮಾಡಿದರು. ೧೯೩೦ರಲ್ಲಿ ಅವರು ಲಿಂಗೈಕ್ಯರಾದರೂ ಆ ಕೆಲಸವು ನಿಲ್ಲಲಿಲ್ಲ.

ಇವು ಕಳಿಸುವವರು ಮಾಡತಕ್ಕವು. ಬರಮಾಡಿಕೊಳ್ಳುವ ನಮ್ಮ ಪಾಲಿನದು ಇದಕ್ಕಿಂತ ಸುಲಭ. “ನಮ್ಮ ಧರ್ಮವನ್ನು ಬಿಡಿಸಬಂದವರಿಗೆ ನಾವು ಊರುಗೋಲಾಗಬೇಕೇ?” ಎಂದು ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆಮಿಷ, ಬೆದರಿಕೆ, ಮೋಸಗಳನ್ನು ಯಾರು ಮಾಡಿದರೂ ಖಂಡಿಸತಕ್ಕದ್ದು. ಆದರೆ ಮತವನ್ನು ಒಪ್ಪದಿರುವದು ಬೇರೆ, ಮನುಷ್ಯನನ್ನು ಓಣಿಯಲ್ಲಿ ನಿಲ್ಲಿಸುವದು ಬೇರೆ. ಯಾರೂ ಮಾತಾಡಿಸದವನು ತನ್ನವರಾಗುವ ಕೆಲವರನ್ನು ಹೇಗಾದರೂ ಸಂಪಾದಿಸಿಕೊಳ್ಳಲು ತವಕಿಸುವದು ಸಹಜ. ಸಂಖ್ಯೆಯ ಹಂಬಲಕ್ಕೆ ಏಕಾಂತವೂ ಒಂದು ಕಾರಣವಾಗಿರಬಹುದು. ನಮ್ಮ ಜಗುಲಿಯ ಮೇಲೆ ಕುಳಿತು ನಮ್ಮೊಡನೆ ವಾದಿಸುವ ಮಿಶನರಿಯಿಂದ ನಮ್ಮ ಧರ್ಮಕ್ಕೆ ಭಯವಿಲ್ಲ. ಭಯವಿದ್ದರೆ ಅದು ಅವನಿಂದ ಬಂದದ್ದಲ್ಲ, ನಮ್ಮ ಓದಿನ ಕೊರತೆಯಿಂದ ಬಂದದ್ದು. ನಾಳೆ ನಮ್ಮ ಮಕ್ಕಳೇ ಈಶಾನ್ಯದ ಗುಡ್ಡಗಾಡಿನ ಒಂದು ಶಾಲೆಗೆ ಮಾಸ್ತರರಾಗಿ ಹೋದರೆ, ಅಲ್ಲಿಯವರು ಅವರನ್ನು ಹೇಗೆ ನಡೆಸಿಕೊಳ್ಳಬೇಕೆಂದು ನಾವು ಬಯಸುವೆವೋ ಹಾಗೆ ನಾವು ಇಲ್ಲಿ ನಡೆಯುವದು ನ್ಯಾಯವು.

ಆದಕಾರಣ ವಾಚಕ ಮಹಾಶಯರಲ್ಲಿ, ಅದಕ್ಕೂ ಹೆಚ್ಚಾಗಿ ಅವರ ಮನೆಯ ಗೃಹಿಣಿಯರಲ್ಲಿ, ನನ್ನ ಬಿನ್ನಹವಿಷ್ಟೇ. ನಿಮ್ಮ ಊರಲ್ಲಿ ಸೇವೆಗೆಂದು ಬಂದ ಪರಸ್ಥಳದವರು, ಸಿಸ್ಟರರಾಗಲಿ, ಪಾಸ್ಟರರಾಗಲಿ, ದೂರದ ಜಿಲ್ಲೆಯ ಮಾಸ್ತರರಾಗಲಿ ಇದ್ದರೆ, ಅವರಿಗೆ ಕನ್ನಡದ ಒಂದು ಪುಸ್ತಕವನ್ನು ಕೊಡಿರಿ. ಅವರ ತಾಯಿಯ ಕಾಗದ ಬಂದಿತೇ ಎಂದು ವಿಚಾರಿಸಿರಿ. ಬರುವ ಹಬ್ಬಕ್ಕೆ ಒಂದೆಲೆಯನ್ನು ಹೆಚ್ಚು ಹಾಕಿರಿ. ವಾದವನ್ನು ಊಟದ ತರುವಾಯ ಮಾಡಬಹುದು.